ಎಡಗಡೆ ಸೀಟು

ಬಾವಿ ದಾಟೋವರೆಗೂ ತುಟಿ ಬಿಚ್ಚಬೇಡ ಅಂದ್ಯಲ್ಲ ಸುವರ್ಣ... ದಾಟಿ ಆಯ್ತು. ಈಗ ಹೇಳ್ತೀನಿ ಕೇಳು. ನಂಗೆ ಬಾವಿ, ಆಲದ ಮರ ಯಾವುದರ ಹೆದರಿಕೆಯೂ ಇಲ್ಲ ಮಾರಾಯ್ತಿ. ನಾನು ಹೆದರಿದ್ದು ಒಂದೇ ಸಲ. ಅದೂ ಹೋದ ತಿಂಗಳು, ಮನೆ ಬಾಗಿಲಲ್ಲಿ, ಒಂದು ಕಾರಿಗೆ.

ನಮ್ಮ ಪಕ್ಕದ ಮನೇಲಿರೋ ದೊಡ್ಡಪ್ಪನ ಮಗ ಓಂಕಾರಣ್ಣ ಗೊತ್ತಲ್ಲ? ಕಾಫಿ ತೋಟ ಮಾರಿ ವಿಲಾಯತಿಗೆ ಹೊರಟಿದ್ದ ಒಬ್ಬ ಬಿಳೀ ದೊರೆ ಹತ್ರ ಹಳೇ ಸ್ಪೋರ್ಟ್ಸ್ ಕಾರು ತಗೊಂಡಿದ್ದ. ಎರಡೇ ಸೀಟು. ಮೇಲೆ ಟಾಪಿಲ್ಲ. ಒಳಗೆ ಕೋಳಿ ಮೊಟ್ಟೆ ಇಟ್ಟಿದ್ದವು! ದಾಕ್ಷಾಯಣಿ ಅತ್ತಿಗೆಗೆ ಅದರಲ್ಲಿ ಕೂತು ಊರು ಸುತ್ತೋ ಆಸೆ. "ರಿಪೇರಿ ಆಗಲಿ, ಮೊದಲು ನೀನೇ ಕೂರೋದು" ಅಂತಿದ್ದ ಅಣ್ಣ. ಅಷ್ಟರಲ್ಲಿ ವಿಷಮಶೀತ ಜ್ವರ ಬಂದು ಅತ್ತಿಗೆ ಹೋಗಿಬಿಟ್ರು. ಮಕ್ಕಳಿರಲಿಲ್ಲ. ಯಾರ ಮಗು ಕಂಡರೂ ಎತ್ತಿ ತೊಡೆ ಮೇಲೆ ಕೂರಿಸ್ಕೊಳ್ಳೋರು, ಪಾಪ.

ನಮ್ಮಲ್ಲಿ ಹೋದವರನ್ನ ಮಲಗಿಸಲ್ಲ, ಕೂರಿಸ್ತೀವಿ. ಅತ್ತಿಗೇನ ಕೂರಿಸಿದ್ದು ಅವರದೇ ಸಾಗುವಾನಿ ಕುರ್ಚೀಲಿ. ನಮ್ಮ ಮನೆತನದಲ್ಲಿ ಅಂಥ ಕುರ್ಚೀನ ತಿರುಗಿ ಇಟ್ಕೊಳ್ಳೋ ಹಾಗಿಲ್ಲ, ಕೊಟ್ಟುಬಿಡಬೇಕು. ಅಣ್ಣಂಗೆ ಮನಸ್ಸು ಬರಲಿಲ್ಲ. ಕಾರಿನ ಶೆಡ್ಡಲ್ಲಿ ಬಚ್ಚಿಟ್ಟ.

ಆಮೇಲೆ ಭದ್ರಾವತಿ ವಿಮಲನ್ನ ಮದುವೆ ಆದ. ಅವಳು ಹೆರಿಗೆಗೆ ತವರಿಗೆ ಹೋದಾಗ ಅಣ್ಣನ ಕಾರಿನ ಹುಚ್ಚು ಮತ್ತೆ ಕೆರಳಿತು. ಮಗೂನ ಇದೇ ಕಾರಲ್ಲಿ ಮನೆಗೆ ತರಬೇಕು! ಇಂಜಿನ್‌ಗೆ ಬೆಂಗಳೂರಿಂದ ಮೇಸ್ತ್ರಿ ಬಂದ. ತಗಡಿನ ಕೆಲಸಕ್ಕೆ ಭದ್ರಾವತಿ ತಮಿಳಿನವರು ಬಂದ್ರು. ಸೀಟಿಗೆ ಗಾಂಧಿಬಜಾರಿನ ಕುಶನ್ ಸಾಬರು. ಎಡಗಡೆ ಸೀಟಿನ ಚೌಕಟ್ಟು ಗೆದ್ದಲು ತಿಂದಿತ್ತು. "ಚೆನ್ನಾಗಿ ಒಣಗಿದ ಹಳೇ ಮರ ಬೇಕು" ಅಂದ್ರು ಸಾಬರು. ಅಣ್ಣ ಆ ಕುರ್ಚೀನೇ ಬಿಚ್ಚಿ ಕೊಟ್ಟ.

ಸೀಟು ತಯಾರಾಯ್ತು. ಕೂತರೆ ಸ್ಪ್ರಿಂಗು ಕಿರ್ರ್... ಎದ್ದರೆ ಟಣ್! ಬಲಗಡೆಯದು ಸರಿ ಇತ್ತು. ಎಡಗಡೆಯದು ಕಿರ್ರ್ ಅಂತ ತನ್ನಷ್ಟಕ್ಕೆ ತಗ್ಗಿದ್ದು ಮೇಲೇಳಲೇ ಇಲ್ಲ. ಯಾರೂ ಕೂತಿರಲಿಲ್ಲ. ಸಾಬರು ಹೊಸ ಸ್ಪ್ರಿಂಗು ಹಾಕಿದ್ರು. ಮತ್ತೆ ಹಾಗೇ. ಮೆಲ್ಲಗೆ ಕೇಳಿದ್ರಂತೆ:

"ಅಣ್ಣಾ... ಈ ಮರ ಯಾರದ್ದು?"

"ನಮ್ಮನೇದೇ."

"ತೆಗೆದುಬಿಡಲಾ?"

"ಬೇಡ. ಇರಲಿ."

ಸಾಬರು ಸುತ್ತಿಗೆ, ದಬ್ಬಳ ಚೀಲಕ್ಕೆ ಹಾಕ್ಕೊಂಡು ಹೊರಟೇಬಿಟ್ರು.

ಮಗು ತರೋ ದಿನ ಭದ್ರಾವತಿ ಬಿಡೋ ಹೊತ್ತಿಗೇ ಸಂಜೆ ಆಗಿತ್ತು. ವಿಮಲ ಮಗು ಎತ್ಕೊಂಡು ಕೂತಳು. ಕಿರ್ರ್ ಅನ್ನಲಿಲ್ಲ. ಸ್ವಲ್ಪ ದೂರ ಬಂದ ಮೇಲೆ ಪಿಸುಗುಟ್ಟಿದಳಂತೆ:

"ರೀ... ಸೀಟು ಬೆಚ್ಚಗಿದೆ."

"ಇಂಜಿನ್ ಬಿಸಿ ಕಣೇ."

"ಅಲ್ಲ ರೀ... ಯಾರದ್ದೋ ತೊಡೆ ಮೇಲೆ ಕೂತ ಹಾಗಿದೆ."

ಅಣ್ಣಂಗೆ ನಿಲ್ಲಿಸೋಕೂ ಭಯ. ಅಷ್ಟು ಗಾಳಿ, ಇಂಜಿನ್ನಿನದು ಅಷ್ಟು ಸದ್ದು... ಮಗು ಒಂದು ಸಲವೂ ಅಳಲಿಲ್ಲವಂತೆ.

ನಾನು ಆರತಿ ತಟ್ಟೆ ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ದೆ. ಇಂಜಿನ್ ಆಫ್ ಆಯ್ತು. ವಿಮಲ ಇಳಿದಳು. ಮುಖ ಬಿಳುಚಿಕೊಂಡಿತ್ತು. ನಾನು ಸೀಟಿನ ಕಡೆ ನೋಡಿದೆ. ತಗ್ಗಿದ್ದು ತಗ್ಗಿದ ಹಾಗೇ. ಆದರೂ ಆರತಿ ಎತ್ತಿದೆ, ಕುಂಕುಮ ಇಟ್ಟೆ, "ಒಳಗೆ ಬಾರಮ್ಮ" ಅಂದೆ. ಮಗು ಹೊಸಿಲು ದಾಟಿತು. ಆಗ ಕಾರಿನಿಂದ...

ಟಣ್!

ಆವತ್ತಿಂದ ಆ ಸೀಟು ಎಲ್ಲಾ ಸೀಟಿನ ಹಾಗೇ ಇದೆ. ನಾನೇ ಕೂತು ನೋಡಿದ್ದೀನಿ. ಕಾರಲ್ಲಿ ಈಗ ಏನೂ ಇಲ್ಲ ಸುವರ್ಣ. ಸುಳ್ಳು ಅನ್ನಬೇಡ, ತಟ್ಟೆ ಹಿಡಿದವಳು ನಾನು. ಒಳಗೆ ಕರೆದವಳೂ ನಾನೇ... ಅದೇ ನಂಗೆ ಸಂಕಟ.

ಇನ್ನೂ ಕತ್ತು ನಿಲ್ಲದ ಕೂಸು ಅದು. ತೊಟ್ಟಿಲಿಗೆ ಹಾಕಿದರೆ ಕಿರುಚುತ್ತೆ. ಅತ್ತಿಗೆ ಕುರ್ಚಿ ಇರ್ತಿದ್ದ ಮೂಲೇಲಿ, ಚಾಪೆ ಮೇಲೆ ಮಲಗಿಸಿ ಬಾ, ಸುಮ್ಮನಾಗುತ್ತೆ. ತಿರುಗಿ ಬಂದು ನೋಡಿದರೆ ಮಲಗಿರಲ್ಲ. ನೆಟ್ಟಗೆ ಕೂತಿರುತ್ತೆ. ಬೇಕಾದರೆ ನಾಳೆ ಬೆಳಿಗ್ಗೆ ಬಾ, ತೋರಿಸ್ತೀನಿ.