ಹರವ್ಯಾಗಿನ ಭೋಂಗಾ

ಅಲ್ಲಾ, ಇದನ್ನ ಎಲ್ಲೂ ಹೇಳಬಾರದು ಅಂತ ಚಿಗವ್ವ ನನ್ನ ಕಡಿಂದ ಸಿದ್ಧರಾಮನ ಆಣಿ ಮಾಡಿಸಿಕೊಂಡಾಳ, ಅದಕ್ಕ ಇಷ್ಟ ದಿನಾ ಬಾಯಿ ಮುಚಗೊಂಡಿದ್ದೆ, ಅವ್ವಗ ಸುದ್ಧಾ ಹೇಳಿಲ್ಲ. ಆದ್ರ ಈಗ ಯಾರೋ ಬಾಗಲಾ ಬಡದ್ರಲ್ಲ, ನೀವು 'ನೀ ಏಳು, ನೀ ಏಳು' ಅನಕೋತ ಕೂತ್ರಿ, ಪಾಪ ಆ ಮುದುಕಿ ತಿರುಗಿ ಹೋದ್ಳು, ಅದನ್ನ ನೋಡಿ ನನ್ನ ಎದಿ ಡಬಡಬ ಅನ್ನಾಕತ್ತೈತಿ. ಇಲ್ನೋಡ ಗೌರಿ, ಕೈ ಇಟ್ಟು ನೋಡು. ಹೂಂ. ನಗಬ್ಯಾಡ ಬಾಳ್ಯಾ. ನಂಗ ಓದು ಅಂದ್ರ ಓದತೀನಿ, ಹೇಳು ಅಂದ್ರ ನಾಲಿಗಿ ಒಣಗತೈತಿ, ಗೊತ್ತೈತಲ್ಲ ನಿಮಗ. ನಡುವ ಬಾಯಿ ಹಾಕಿದ್ರ ಎದ್ದು ಒಳಗ ಹೋಗತೀನಿ ನೋಡ್ರಿ ಮತ್ತ.

ಮ್ಯಾಟ್ರಿಕ್ ಮುಗಿಸಿ ನಾ ಸೊಲ್ಲಾಪುರದಾಗ ಚಿಗವ್ವನ ಮನ್ಯಾಗ ಇದ್ದೆಲ್ಲಾ, ಆಗಿಂದ ಮಾತು. ಅಪ್ಪಗ ಆರಾಮ ಇರಲಿಲ್ಲ, ಇಲ್ಲಿ ಅಕ್ಕಲಕೋಟ್ಯಾಗ ರೇಶನ್ನಿನ ಕೆಂಪ ಜ್ವಾಳ ಬಿಟ್ರ ಮನ್ಯಾಗ ಏನೂ ಇರಲಿಲ್ಲ, ದೀಪಕ್ಕ ಘಾಸಲೇಟ ಎಣ್ಣಿ ಸಿಗಲಾರದಕ್ಕ ನಾ ಹೊತ್ತ ಮುಣಗೂದ್ರಾಗ ಓದಿ ಮುಗಸತಿದ್ದೆ, ಅದು ಬ್ಯಾರೇ ಮಾತು, ಒಂದ ಹೊಟ್ಟಿ ಅಲ್ಲರ ತುಂಬಲಿ ಅಂತ ಅವ್ವ ಕಳಿಸಿದ್ಳು. ಚಿಗವ್ವ ರಿಮಾಂಡ್ ಹೋಮಿನ್ಯಾಗ ಹುಡಿಗ್ಯಾರನ್ನ ನೋಡಕೊಳ್ಳೂ ಕೆಲಸಕ್ಕ ಇದ್ಳು. ಅದು ಜೇಲ ಅಲ್ಲ ಅಂತಾರ. ಆದ್ರ ಗ್ವಾಡಿ ಮ್ಯಾಲ ಗಾಜಿನ ಚೂರು, ಕಿಡಕಿ ಎಲ್ಲೋ ಮ್ಯಾಲ, ಅದಕ್ಕೂ ಕಬ್ಬಿಣದ ಗಜಾ, ಬಾಗಲಕ್ಕೆಲ್ಲಾ ಹೊರಗಿಂದ ಕೀಲಿ. ಕಳವ ಮಾಡಿದವರು, ಮನಿ ಬಿಟ್ಟು ಓಡಿ ಬಂದವರು, ಸುಮ್ನ ದಾರಿ ತಪ್ಪಿದವರು, ಎಲ್ಲಾರೂ ಒಂದ ಖೋಲ್ಯಾಗ. ಅಲ್ಲಿ ನಡಿಯೂದು ಮರಾಠಿ, ಹುಡಿಗ್ಯಾರ ಅರ್ಧಾ ಮಂದಿ ನಮ್ಮ ಕಡಿಯವರು, ಕನ್ನಡ ಬಿಟ್ರ ತಿಳೀತಿರಲಿಲ್ಲ. ಅದಕ್ಕ ದೊಡ್ಡ ಬಾಯಾರು, ಅಂದ್ರ ಅಲ್ಲಿಯ ಎಲ್ಲಾರ ಮ್ಯಾಲಿನ ಮೇಡಮ್ಮು, ಚಿಗವ್ವಗ ಅಂದ್ರಂತ, 'ನಿಮ್ಮ ಅಕ್ಕನ ಮಗಳ ಓದ್ಯಾಳಲ್ಲಾ, ಮಧ್ಯಾಹ್ನ ಬಂದು ಇವ್ರಿಗಿ ನಾಕ ಅಕ್ಷರಾ ಕಲಸಲಿ.' ನಾ ಬ್ಯಾಡ ಅಂದೆ. ಅಳಕೋತ ಅಂದೆ. ಚಿಗವ್ವ ಕೇಳಲಿಲ್ಲ, 'ಹುಡಿಗ್ಯಾರ ಅದಾರವ್ವ, ಹುಲಿ ಅಲ್ಲ' ಅಂದ್ಳು.

ಹುಲಿನೂ ಒಂದಿತ್ತು ಅಲ್ಲಿ. ಶೇವಂತಿ ಅಂತ. ಬೀಡಿ ಕಟ್ಟೂ ಹುಡಿಗಿ, ಬೀಡಿ ಮಾಲಕ ಮೈ ಮುಟ್ಟಾಕ ಬಂದ ಅಂತ ಅವನ ತಲಿ ಒಡದು ಬಂದಾಕಿ. ನಾ ಹೋದ ಕೂಡಲೇ ಗ್ವಾಡಿಗಿ ಆತಕೊಂಡು ಕೂತು, 'ಏ ಪುಸ್ತಕದವ್ವ, ಜರಾ ಜೋರ್ಲೆ ಓದ, ನಿನ್ನ ದನಿ ಇರಬಿಗೂ ಕೇಳಸೂದಿಲ್ಲ' ಅಂತಿದ್ಳು. ಎಲ್ಲಾರೂ ಖೊಕ್ ಅಂತ ನಗೂದು. ನಾ ಪುಸ್ತಕದ ಹಿಂದ ಮಾರಿ ಮುಚಗೊಳ್ಳೂದು. ನಗಲಾರದಾಕಿ ಒಬ್ಬಾಕಿನ, ಚಂದ್ರಿ. ಸಣ್ಣಾಕಿ, ನಮ್ಮ ಗೌರಿಯಷ್ಟ ಇದ್ದಿರಬೇಕು. ಇಲ್ಲ, ಗೌರಿಗಿಂತ ಬಡಕಲ. ರೇಲ್ವೆ ಠೇಶನ್ನಿನ್ಯಾಗ ಒಬ್ಬಾಕಿನ ಕೂತಿದ್ಳಂತ, ಪೊಲೀಸರು ತಂದು ಬಿಟ್ಟಿದ್ರು. ಯಾವ ತಪ್ಪೂ ಮಾಡಿಲ್ಲ ಆಕಿ, ಊರ ಹೆಸರ ಗೊತ್ತಿರಲಿಲ್ಲ ಅಷ್ಟ. ನಾ ಕೇಳತಿದ್ದೆ, 'ಹುಲಜಂತಿ ಏನವ್ವ? ಮರವಡಿ ಏನ?' 'ಗೊತ್ತಿಲ್ಲಕ್ಕ.' 'ಮತ್ತ ನಿಮ್ಮೂರಿಗಿ ಏನಂತಿದ್ರು?' 'ನಮ್ಮೂರಿಗಿ ನಮ್ಮೂರ ಅಂತಿದ್ರು.' ಅಷ್ಟ ಹೇಳಿ ನನ್ನ ಪರಕರದ ಚುಂಗ ಹಿಡಕೊಂಡು ಕೂಡ್ತಿದ್ಳು. ಆಕಿ ಹಂಗ ಹಿಡಕೊಂಡ್ರ ನಂಗ ಅಂಜಿಕಿ ಕಡಿಮಿ ಆಗತಿತ್ತು. ನಾ ಕಲಸಾಕ ಹೋದಾಕಿ, ಆಕಿನ ನಂಗ ಧೈರ್ಯ.

ಈಗ ಭೋಂಗಾದ್ದು ಹೇಳಬೇಕು, ಅದು ಹೇಳಲಿಲ್ಲಂದ್ರ ಮುಂದಿಂದು ತಿಳಿಯೂದಿಲ್ಲ. ಸೊಲ್ಲಾಪುರದಾಗ ಮಿಲ್ಲಿನ ಪಾಳಿ ಬದಲಾಗೂವಾಗ ಭೋಂಗಾ ಕೂಗತೈತಿ, 'ಭೋಂಂಂ' ಅಂತ, ಊರಿಗೆಲ್ಲಾ ಕೇಳಸತೈತಿ. ಗಡಿಯಾರ ಇದ್ದವರೂ ಅದರ ಮ್ಯಾಲನ ಒಲಿ ಹಚ್ಚತಾರ. ರಿಮಾಂಡ್ ಹೋಮಿನ್ಯಾಗೂ ಹಂಗ. ನಾ ಒಳಗ ಹೋದ್ರ ಪಹರೇದ ದಗಡೂಮಾಮಾ ಹೊರಗಿಂದ ಕೀಲಿ ಹಾಕಾಂವ, ಮೂರರ ಭೋಂಗಾ ಆದ್ರ ಬಂದು ತೆಗಿಯಾಂವ. ಅಂವಾ ಮೊದಲ ಮಿಲ್ಲಿನ್ಯಾಗ ಇದ್ದಂವಾ, ಮಗ್ಗದ ಸಪ್ಪಳಕ್ಕ ಕಿವಿ ಹೋಗಿದ್ವು. ಎದರಿಗಿ ನಿಂತು ಒದರಿದ್ರೂ 'ಕಾಯ್? ಕಾಯ್?', ಏನು ಏನು ಅನ್ನಾಂವ. ಆದ್ರ ಭೋಂಗಾ ಮಾತ್ರ ಅಂವಗ ಕಿವಿಲೆ ಅಲ್ಲ, ಎದಿಲೆ ಕೇಳಸತಿತ್ತು. ಎಂಥಾ ನಿದ್ದ್ಯಾಗಿದ್ರೂ ಧಡಕ್ಕನ ಏಳತಿದ್ದ.

ಆವತ್ತ ಚಿಗವ್ವ ಒಳಗ ಇರಬೇಕಾಗಿತ್ತು. ದೊಡ್ಡವರೊಬ್ರು ಒಳಗ ಇಲ್ಲದ ಕೀಲಿ ಹಾಕಬಾರದು ಅಂತ ಅಲ್ಲಿ ಕಾಯ್ದೆ ಐತಿ. ಆದ್ರ ದೊಡ್ಡ ಬಾಯಾರು ಒಬ್ಬ ಹುಡಿಗೀನ್ನ ಕೋರ್ಟಿಗಿ ಕರಕೊಂಡು ಹೊಂಟಿದ್ರು, 'ನೀನೂ ಬಾ' ಅಂತ ಚಿಗವ್ವನ್ನ ಕರದ್ರು. ಚಿಗವ್ವ ನಂಗ ಅಂದ್ಳು, 'ಸುಮಿ, ಮೂರರ ಭೋಂಗಾ ಆಗೂದ್ರಾಗ ಬರತೀನಿ, ಹೆದರಬ್ಯಾಡ.' ಹೋದ್ಳು. ಕೀಲಿ ಬಿತ್ತು. ನಾ ಪಾಠ ತಗದೆ. ಸ್ವಲ್ಪ ಹೊತ್ತಿನ ಮ್ಯಾಲ ಮೂಲ್ಯಾಗ ಚಾಪಿ ತರಾಕ ಹೋದ ಚಂದ್ರಿ ಚೀರಿದ್ಳು. ಚಾಪಿ ಸುರುಳ್ಯಾಗ ಕೆಂಪ ಚೇಳ ಇತ್ತು, ಕೈಗಿ ಕಡೀತು. ಶೇವಂತಿ ಅದನ್ನ ತಾಟಿಲೆ ಜಜ್ಜಿದ್ಳು. ನಾವು ನನ್ನ ರಿಬ್ಬನ್ನ ತಗದು ಆಕಿ ಕೈಗಿ ಕಟ್ಟಿದ್ವಿ, 'ಏನ ಆಗೂದಿಲ್ಲವ್ವ, ಈಗ ಭೋಂಗಾ ಆಗತೈತಿ, ಮಾಮಾ ಬರತಾನ' ಅಂದ್ವಿ. ಆಕಿ ಅಳತಿದ್ಳು, ಆಮ್ಯಾಲ ಅಳೂದು ನಿಲ್ಲಿಸಿದ್ಳು. ಅದಕ್ಕ ನಂಗ ಹೆಚ್ಚ ಅಂಜಿಕಿ ಬಂತು. ಮೈಯೆಲ್ಲಾ ಬೆವರ, ಕೈಕಾಲ ಮುಟ್ಟಿದ್ರ ತಣ್ಣಗ, ಬಾಯಿಂದ ಜೊಲ್ಲ ಸುರ್ಯಾಕತ್ತಿತು.

ಕಾದ್ವಿ ನಾವು. ಕಿಡಕ್ಯಾಗಿಂದ ಬಿಸಲ ಗ್ವಾಡಿ ಮ್ಯಾಲ ಬೀಳತಿತ್ತಲ್ಲ, ಅದು ಯಾವಾಗಲೂ ಭೋಂಗಾ ಆಗೂವಾಗ ಅಂಗಿ ತೂಗ ಹಾಕಾಕ ಗ್ವಾಡಿಗಿ ಬಡದ ಮೊಳಿ ತನಾ ಬರತಿತ್ತು. ಬಿಸಲ ಆ ಮೊಳಿ ದಾಟಿ ಹೋತು, ಭೋಂಗಾ ಆಗಲಿಲ್ಲ. ಆವತ್ತ ಮಿಲ್ಲಿನವರು ಸಂಪ ಮಾಡಿ ಕೆಲಸ ಬಿಟ್ಟು ಹೊರಗ ಕೂತಿದ್ರಂತ, ನಮಗೇನ ಗೊತ್ತು ಒಳಗ. ಬಾಗಲಾ ಬಡದ್ವಿ. 'ಮಾಮಾ, ಮಾಮಾ' ಅಂತ ಒದರಿದ್ವಿ. ತಾಟ ತಗೊಂಡು ಬಡದ್ವಿ. ಬಾಳ್ಯಾ, ನೀ ಕೇಳತಿ ನಂಗೊತ್ತು, ಹಾದಿ ಮ್ಯಾಲ ಮಂದಿ ಇರಲಿಲ್ಲೇನ ಅಂತ. ಇದ್ರು! ಗ್ವಾಡಿ ಆಚಿಗಿ ಚಾದಂಗಡಿ ಐತಿ, ಮಂದಿ ನಗೂದು ನಮಗ ಕೇಳಸತಿತ್ತು. ಯಾರೋ ಒಬ್ಬಂವ ಅಂದ, 'ಛಾ ಮಾಡೊ, ಆ ಪೋರಿ ಮಂದಿದು ದಿನಾ ಇದ ಗೋಂಧಳ.' ದಿನಾ ತಾಟ ಬಡೀತಿದ್ರಲ್ಲ ಹುಡಿಗ್ಯಾರು, ಬ್ಯಾಳಿ ನೀರಾತು, ರೊಟ್ಟಿ ಸುಟ್ಟಾವು ಅಂತ. ಮಂದಿಗಿ ರೂಢಿ ಆಗಿತ್ತು. ಅಲ್ಲೇ ಆಚಿಗಿ ಇದ್ರೂ, ಗೌರಿ, ಒಬ್ರೂ ಏಳಲಿಲ್ಲ.

ಚಂದ್ರಿ ಕಣ್ಣ ಮ್ಯಾಲ ಹೋಗಾಕತ್ತಿದ್ವು. ನಾ ಆಕಿ ತಲಿ ತೊಡಿ ಮ್ಯಾಲ ಇಟಗೊಂಡು ಕೂತಿದ್ದೆ. ಶೇವಂತಿ ಒಮ್ಮಿಗೆಲೆ ಬಡಿಯೂದು ಬಿಟ್ಟು ತಿರುಗಿ ನಿಂತ್ಳು. 'ಆ ಕಿವುಡಗ ತಾಟ ಕೇಳೂದಿಲ್ಲ. ಅಂವಗ ಭೋಂಗಾ ಬೇಕು, ಹೌದಿಲ್ಲೋ?' ಅಂದಾಕಿನ ಕುಡಿಯೂ ನೀರಿನ ಹರವಿ ಬೋರಲ ಹಾಕಿದ್ಳು. ಮುಂಜಾನಿಂದ ತುಂಬಿಟ್ಟ ನೀರು, ಮರುದಿನಾ ತನಾ ಅಷ್ಟ ನೀರು, ಎಲ್ಲಾ ಖೋಲಿ ತುಂಬ ಹರೀತು. ಖಾಲಿ ಹರವ್ಯಾಗ ಮಾರಿ ತೂರಿಸಿ, 'ಭೋಂಂಂ' ಅಂದ್ಳು. ಯವ್ವಾ, ಮೈ ಝುಂ ಅಂತು. ಇನ್ನೊಂದ ಖಾಲಿ ಹರವಿ ಉಳಿದ ಹುಡಿಗ್ಯಾರು ತಗೊಂಡ್ರು. ಆದ್ರ ಉಸರ ಸಾಲವಲ್ಲದು, ಖರೇ ಭೋಂಗಾ ನಡುವ ಕಡಿಯೂದಿಲ್ಲಲ್ಲ, ಇದು ಕಡದು ಕಡದು ಬರತಿತ್ತು. ಶೇವಂತಿ ಹರವ್ಯಾಗಿಂದ ಮಾರಿ ತಗದು ನನ್ನ ಕಡಿ ನೋಡಿದ್ಳು. 'ಪುಸ್ತಕದವ್ವ, ಏಳು. ನಾ ಉಸರ ತಗೊಳ್ಳೂವಾಗ ನೀ ಕೂಗು.' ನಂಗ ಆಗೂದಿಲ್ಲ ಅಂದೆ. 'ಆಗೂದಿಲ್ಲ ಅಂದ್ರ ಆಕಿ ಸಾಯ್ತಾಳ.' ಅಷ್ಟ ಅಂದ್ಳು. ಬೈಯಲಿಲ್ಲ. ನಾ ಚಂದ್ರಿನ್ನ ಇನ್ನೊಬ್ಬಾಕಿ ತೊಡಿ ಮ್ಯಾಲ ಹಾಕಿ ಎದ್ದೆ. ಆ ಇನ್ನೊಂದ ಹರವ್ಯಾಗ ಮಾರಿ ಇಟ್ಟೆ. ಒಳಗ ಕತ್ತಲಿ, ಹಸಿ ಮಣ್ಣಿನ ವಾಸನಿ. ಕೂಗಿದೆ. ನನ್ನ ಹೊಟ್ಟ್ಯಾಗ ಅಂಥಾ ದನಿ ಇತ್ತು ಅಂತ ನಂಗೂ ಗೊತ್ತಿರಲಿಲ್ಲ. ಆಕಿ ಬಿಟ್ರ ನಾ, ನಾ ಬಿಟ್ರ ಆಕಿ. ಒಂದ ಉದ್ದಾನ ಭೋಂಗಾ ಆತು.

ಕೀಲ್ಯಾಗ ಚಾವಿ ತಿರುಗಿತು. ದಗಡೂಮಾಮಾ ಕಣ್ಣ ತಿಕ್ಕೋತ ಬಂದಿದ್ದ, ತಲಿಗಿ ಅರ್ಧಾ ಸುತ್ತಿದ ಪಟಗಾ, 'ಚಲಾ, ತೀನ್ ವಾಜಲೇ, ಮೂರಾತು ಏಳ್ರಿ' ಅನಕೋತ. ಆಮ್ಯಾಲ ಚಂದ್ರಿನ್ನ ನೋಡಿದ. ಆಕಿನ್ನ ಹೆಗಲ ಮ್ಯಾಲ ಹಾಕಿಕೊಂಡ. ಆಕಿ ಕೈ ನನ್ನ ಪರಕರದ ಚುಂಗ ಬಿಡವಲ್ಲದು. 'ಅಕ್ಕಾ ಬರತಿ?' ಅಂದ್ಳು, ಅಷ್ಟ ಸಣ್ಣ ದನೀಲೆ. 'ನಾಳಿ ದವಾಖಾನಿಗಿ ಬರತೀನಿ, ಖರೇನ ಬರತೀನಿ' ಅಂದೆ. ಮಾಮಾ ಆಕಿ ಕೈ ಬಿಡಿಸಿಕೊಂಡು ಟಾಂಗಾದಾಗ ಒಯ್ದ.

ಚಿಗವ್ವ ತಿರುಗಿ ಬಂದಾಕಿ ಸುದ್ದಿ ಕೇಳಿದ ಕೂಡಲೇ ನನ್ನ ಮೂಲಿಗಿ ಎಳಕೊಂಡು ಹೋದ್ಳು. ಆಣಿ ಮಾಡಿಸಿಕೊಂಡ್ಳು. 'ನಾ ಒಳಗ ಇರಲಿಲ್ಲ ಅಂತ ತಿಳದ್ರ ನನ್ನ ನೌಕರಿ ಹೋಗತೈತಿ ಸುಮಿ, ಮಕ್ಕಳಿಗಿ ಏನ ಹಾಕಲಿ?' ಅಂತ ನನ್ನ ಗಲ್ಲಾ ಹಿಡದ್ಳು. ನನ್ನ ದವಾಖಾನಿಗಿ ಹೋಗಗೊಡಲಿಲ್ಲ. ಮರುದಿನಾ ಮುಂಜಾನೆ ಅಕ್ಕಲಕೋಟಿ ಬಸ್ಸಿಗಿ ಹತ್ತಿಸಿದ್ಳು. ಆಮ್ಯಾಲ ಆಕಿ ದೀಪಾವಳಿಗಿ ಇಲ್ಲಿ ಬಂದಾಗ ನಾ ಒಲಿ ಮುಂದ ಕೂತು ಸಣ್ಣಗ ಕೇಳಿದೆ, 'ಚಂದ್ರಿ ಹೆಂಗದಾಳ ಚಿಗವ್ವ?' 'ಆರಾಮ ಅದಾಳ. ಊರಿಗಿ ಕಳಿಸ್ಯಾರ.' 'ಯಾವ ಊರಿಗಿ?' ಚಿಗವ್ವ ಹಿಟ್ಟ ನಾದೂದು ನಿಲ್ಲಿಸಿದ್ಳು. ನನ್ನ ಮಾರಿ ನೋಡಲಿಲ್ಲ. ಆಕಿಗಿ ಊರ ಗೊತ್ತ ಇರಲಿಲ್ಲಲ್ಲೇ ಗೌರಿ, ಯಾವ ಊರಿಗಿ ಕಳಸತಾರ?

ಮೊನ್ನಿ ನಾ ವಾಚನಾಲಯದ ಪುಸ್ತಕ ಕೊಟ್ಟು ಬರತೀನಿ ಅಂತ ಸೊಲ್ಲಾಪುರಕ್ಕ ಹೋದೆಲ್ಲಾ, ಪುಸ್ತಕ ಚೀಲದಾಗ ಹಂಗ ಇತ್ತು, ಸೀದಾ ಆ ರಿಮಾಂಡ್ ಹೋಮಿಗಿ ಹೋದೆ. ದೊಡ್ಡ ಬಾಗಲಾ ಬಡದೆ. ಸುಮಿ ಬಂದೀನ್ರಿ ಅಂದೆ, ಶೇವಂತಿ ಅಂದೆ, ಚಂದ್ರಿ ಅಂದೆ. ಚಾದಂಗಡಿಯವರು ನನ್ನ ನೋಡಾಕತ್ತಿದ್ರು, ನಾಚಿಕಿ ಬಿಟ್ಟು ಎರಡೂ ಕೈ ಬಾಯಿಗಿ ಹಿಡದು 'ಭೋಂಂಂ' ಅಂತ ಕೂಗಿದೆ, ನಡು ಬೀದ್ಯಾಗ, ನಾನು! ಒಳಗಿಂದ ಯಾರದೋ ಹೆಜ್ಜಿ ಸಪ್ಪಳ ಬಾಗಲದ ತನಾ ಬಂತು. ನಿಂತಿತು. ಅದಕ್ಕ ಹೇಳತೀನಿ, ಯಾರರ ಬಾಗಲಾ ಬಡದ್ರ ಉಣ್ಣೂ ತಾಟ ಬಿಟ್ಟರ ಏಳ್ರಿ, ತೆಗೀಲಿಲ್ಲಂದ್ರೂ ಯಾರು ಅಂತರ ಅನ್ರಿ. ನಾ ಕೈ ಕೆಂಪಾಗೂ ತನಾ ಬಡದೆ. ಬಾಗಲಾ ಹಾಕಿದ್ದು ಹಾಕಿದಂಗ ಇತ್ತು. ಯಾರೂ ಓ ಅನ್ನಲಿಲ್ಲ.