ಉಸಿರು ಸಾಲದ ಓಟಗಾರ್ತಿ

ಲಿಫ್ಟ್ ಕೆಟ್ಟಿತ್ತು. ಐದನೇ ಮಹಡಿಯ ಕ್ರೀಡಾ ಕಚೇರಿಗೆ ಹೊಸ ಪರದೆಗಳ ಗಂಟು ಹೊತ್ತು ಹೊರಟ ದರ್ಜಿ, ನಾಲ್ಕನೆಯದರಲ್ಲೇ ಏದುಸಿರು ಬಿಡುತ್ತಾ ಮೆಟ್ಟಿಲ ಮೇಲೆ ಕುಕ್ಕರಿಸಿದ. ಕೆಳಗಿನಿಂದ ಒಬ್ಬ ಹುಡುಗಿ ಮತ್ತು ಅವಳ ಚಿಕ್ಕಮ್ಮನ ಜಗಳ ಮೇಲೇರಿ ಬರುತ್ತಿತ್ತು.

"ಹೆಸರು ವಾಪಸ್ ತಗೋತೀನಿ ಚಿಕ್ಕಮ್ಮ, ಅಷ್ಟೇ. ಭಾನುವಾರ ಓಡಿ ನಗೆಪಾಟಲಾಗೋಕೆ ನಂಗಿಷ್ಟ ಇಲ್ಲ."

"ಯಾಕೆ, ಕಾಲು ನೋವಾ?"

"ಉಸಿರೇ ಸಾಲಲ್ಲ. ನಿಮ್ಮೂರಲ್ಲಿ ಒಂದು ತಿಂಗಳು ಓಡಿದೆ, ಒಂದು ದಿನಾನೂ ನನ್ನ ಹಳೇ ಟೈಮ್ ಮುಟ್ಟಲಿಲ್ಲ."

"ನಮ್ಮೂರು ಬೆಟ್ಟದ ನೆತ್ತಿ ಮೇಲಿದೆ ಕಣೇ. ಅಲ್ಲಿ ಗಾಳೀನೇ ತೆಳು, ಹೊಸಬರಿಗೆ ಉಸಿರು ಸಾಲಲ್ಲ."

"ನೀವು ಮಾತ್ರ ಟಪಾಲು ಚೀಲ ಹೊತ್ಕೊಂಡೇ ನನ್ನನ್ನ ಹಿಂದೆ ಹಾಕಿದ್ರಿ!"

"ಇಪ್ಪತ್ತು ವರ್ಷದಿಂದ ಟಪಾಲು ಹಂಚ್ತಾ ಆ ಬೆಟ್ಟ ಹತ್ತಿದೀನಿ, ಹಾಕ್ದೆ ಇರ್ತೀನಾ? ಓಟ ಇರೋದು ಇಲ್ಲಿ, ಕೆಳಗಿನ ಪೇಟೇಲಿ. ಬೆಟ್ಟದ ಲೆಕ್ಕ ಇಲ್ಲಿಗ್ಯಾಕೆ ತರ್ತೀಯ?"

"ಸುಮ್ನೆ ಸಮಾಧಾನ ಮಾಡ್ಬೇಡಿ."

ದರ್ಜಿಯ ಬಳಿ ಬಂದ ಚಿಕ್ಕಮ್ಮ ಗಕ್ಕನೆ ನಿಂತಳು.

"ಅಣ್ಣಾ, ಇದು ಎಷ್ಟನೇ ಮಹಡಿ?"

ದರ್ಜಿ ಬಾಯಿ ತೆರೆದ, ಮಾತು ಬರಲಿಲ್ಲ. ನಾಲ್ಕು ಬೆರಳು ತೋರಿಸಿದ.

"ನೋಡು, ಅವರಿಗೆ ಮಾತೇ ಹೊರಡ್ತಿಲ್ಲ. ನೀನು ಕೆಳಗಿಂದ ಇಲ್ಲೀವರೆಗೂ ಬಾಯಿ ಮುಚ್ಚದೆ ಗೊಣಗ್ತಾ ಬಂದೆ. ಎಲ್ಲಾದ್ರೂ ದಮ್ಮು ಕಟ್ತಾ?"

ಹುಡುಗಿ ಎದೆಯ ಮೇಲೆ ಕೈಯಿಟ್ಟು ನೋಡಿಕೊಂಡಳು. ಹೆಸರು ವಾಪಸ್ ಪಡೆಯಲು ಕ್ರೀಡಾ ಕಚೇರಿಗೆಂದು ತಂದಿದ್ದ ಅರ್ಜಿಯನ್ನು ಮಡಚಿ ಜೇಬಿಗೆ ತುರುಕಿದಳು. ಆಮೇಲೆ ದರ್ಜಿಯ ಗಂಟನ್ನು ಹೆಗಲಿಗೇರಿಸಿ, ಎರಡೆರಡು ಮೆಟ್ಟಿಲು ಹಾರುತ್ತಾ ಮೇಲೆ ಹೋಗಿ, ಅವನು ಕೈ ತೋರಿದ ಕಚೇರಿಯ ಬಾಗಿಲಲ್ಲಿ ಇಟ್ಟು, ಅದೇ ವೇಗದಲ್ಲಿ ಇಳಿದು ಬಂದಳು.

"ನಡೀರಿ ಚಿಕ್ಕಮ್ಮ, ಸಂಜೆ ಮೈದಾನಕ್ಕೆ ಹೋಗ್ಬೇಕು."

'ಒಳ್ಳೇದಾಗ್ಲಮ್ಮಾ' ಎನ್ನುವಷ್ಟು ಉಸಿರು ದರ್ಜಿಗೆ ಒದಗುವ ಹೊತ್ತಿಗೆ, ಅವರಿಬ್ಬರ ಹೆಜ್ಜೆ ಸಪ್ಪಳ ಕೆಳಗಿನ ಬಾಗಿಲು ದಾಟಿತ್ತು.