ಬೆರಳ ಟೋಪಿ

ಸುತ್ತಿಗೆ ಏಟಿಗೆ ಹೆಬ್ಬೆರಳು ಜಜ್ಜಿಸಿಕೊಂಡು ಡಾಕ್ಟರ ಬಾಗಿಲಲ್ಲಿ ಕೂತಿದ್ದ ಬಡಗಿ, ಕಂಡವರ ಮಾತಿಗೆ ಕಿವಿ ಕೊಡುವವನಲ್ಲ. ಆದರೆ ಬೆಂಚು ಗೇಣುದ್ದ, ಕಿವಿಗೆ ಬಾಗಿಲಿಲ್ಲ. ಒಳಗಿಂದ ಬಂದ ಮುದುಕಿ, ಅದೇ ಬೆಂಚಿನಲ್ಲಿ ಕಾಯುತ್ತಿದ್ದ ನಲವತ್ತರ ಮಗಳ ಪಕ್ಕ ಕುಸಿದು ಕೂತಳು. ಮುದುಕಿಯ ಬೆರಳುಗಳೆಲ್ಲ ಗಂಟುಗಂಟಾಗಿ ಸೊಟ್ಟಗಾಗಿದ್ದವು.

“ಏನಂದ್ರಮ್ಮ ಡಾಕ್ಟ್ರು?”

“ಕೀಲು ಸವೆದಿದೆಯಂತೆ. ವಯಸ್ಸಾಯ್ತು, ಹೆಂಗಸ್ರಿಗೇ ಜಾಸ್ತಿಯಂತೆ. ಅದರ ಮೇಲೆ ದಿನವಿಡೀ ಸೂಜಿ ಹಿಡಿಯೋ ಕೆಲಸ.”

“ಮನೇಲಿ ಬೇರೆ ಯಾರಿಗಾದ್ರೂ ಇತ್ತಾ ಅಂತ ಕೇಳಿದ್ರಲ್ಲ?”

“ನಿಂಗೆ ಕೇಳಿಸ್ತಾ?”

“ಬಾಗಿಲು ತೆಗೆದೇ ಇತ್ತು. ಯಾರಿಗೂ ಇಲ್ಲ ಅಂದೆ ನೀನು. ಅಜ್ಜಿಗೆ ಕೊನೆಕೊನೆಗೆ ಬಾಚಣಿಗೆ ಹಿಡಿಯೋಕೂ ಆಗ್ತಿರ್ಲಿಲ್ಲ.”

“ನೀನು ಇಲ್ಲೇ ಕೂತಿದ್ಯಲ್ಲೇ. ನಿಂಗೂ ಬರಬಹುದು ಅನ್ನೋ ಮಾತನ್ನ ಹೇಗೆ ಆಡಿಸ್ಲಿ?”

ಮಗಳು ಕೈಯನ್ನು ಸೆರಗಿನಡಿ ಸರಿಸಿದಳು. ಮುದುಕಿಯ ಕಣ್ಣು ಅತ್ತ ಹೋಯಿತು.

“ಸೂಜಿ ಚುಚ್ಚದಿರಲಿ ಅಂತ ಹಾಕ್ಕೊಳ್ಳೋ ಆ ತಗಡಿನ ಟೋಪಿ, ಇಲ್ಲೂ ಯಾಕೆ ಬೆರಳಲ್ಲಿ?”

“ತೆಗೆಯೋಕೆ ಮರೆತೆ.”

“ತೆಗಿ.”

“ಬೇಡಮ್ಮ.”

ಮುದುಕಿ ತಾನೇ ಎಳೆದಳು. ಮಗಳು ಹಲ್ಲು ಕಚ್ಚಿದಳು. ಬೆರಳ ತುದಿಯ ಕೀಲಿನ ಮೇಲೆ ಬಟಾಣಿ ಗಾತ್ರದ ಗಂಟು ಎದ್ದಿತ್ತು.

“ಯಾವಾಗಿಂದ?”

“ಹೋದ ಚಳಿಗಾಲದಿಂದ.”

ಮುದುಕಿ ಆ ಟೋಪಿಯನ್ನು ಮತ್ತೆ ಅದೇ ಬೆರಳಿಗೆ ಮೆಲ್ಲಗೆ ತೊಡಿಸಿ, ಗೋಡೆ ಹಿಡಿದು ಎದ್ದಳು.

“ನಡಿ, ಹೊತ್ತಾಯ್ತು. ಅಂಗಿಗಳಿಗೆಲ್ಲ ಇನ್ನೂ ಗುಂಡಿಯ ಕಾಜಾ ಹೊಲಿಯೋದಿದೆ.”